ವಿಘ್ನರಿಗೂ ಒಂದು ಆಸನ

ನಾಟಕ ನೋಡುತ್ತ ಕುಳಿತಿರುವಾಗ ಹಿಂದಿನ ಸಾಲಿನಲ್ಲಿ ಮಾತುಕತೆ ಆರಂಭವಾದರೆ, ಸಿನಿಮಾದ ಗಂಭೀರ ಸನ್ನಿವೇಶದಲ್ಲಿ ಪಕ್ಕದವರ ಕಿಸೆಯ ಫೋನು ಹಾಡತೊಡಗಿದರೆ, ಕಾಲ ಕೆಟ್ಟಿತೆಂದು ನಿಟ್ಟುಸಿರುಬಿಡುವುದು ನಮ್ಮ ವಾಡಿಕೆ. ಆದರೆ ಗದ್ದಲದ ಪ್ರೇಕ್ಷಕ ನಮ್ಮ ಕಾಲದ ಸೃಷ್ಟಿಯಲ್ಲ. ಭರತನ ನಾಟ್ಯಶಾಸ್ತ್ರವನ್ನು ನಂಬುವುದಾದರೆ, ಆತ ಮೊತ್ತಮೊದಲ ಪ್ರಯೋಗದಲ್ಲಿಯೇ ಹಾಜರಿದ್ದ.

ಆ ಗ್ರಂಥದ ಮೊದಲ ಅಧ್ಯಾಯದಲ್ಲಿ ಬರುವ ಕಥೆ ಇದು. ಇಂದ್ರಧ್ವಜದ ಉತ್ಸವದಲ್ಲಿ ಭರತನೂ ಅವನ ಮಕ್ಕಳೂ ಆಡಿದ್ದು ದೇವತೆಗಳು ದೈತ್ಯರನ್ನು ಗೆದ್ದ ವೃತ್ತಾಂತ. ತಮ್ಮ ಸೋಲನ್ನೇ ಕುಳಿತು ನೋಡಬೇಕಾದ ದೈತ್ಯರು ಕೆರಳಿದರು. ವಿರೂಪಾಕ್ಷನ ಮುಂದಾಳುತನದಲ್ಲಿ ವಿಘ್ನರು ಸೇರಿಕೊಂಡು ನಟರ ಮಾತು, ಚಲನೆ, ನೆನಪು ಎಲ್ಲವನ್ನೂ ಸ್ತಂಭಿಸಿಬಿಟ್ಟರು. ಇಂದ್ರ ಧ್ವಜದಂಡವನ್ನೇ ಎತ್ತಿ, ಅವರ ಮೈ ಜರ್ಜರವಾಗುವಂತೆ ಬಡಿದ. ಆ ದಂಡಕ್ಕೆ ಜರ್ಜರವೆಂದೇ ಹೆಸರಾಯಿತು. ಆದರೂ ಉಳಿದವರು ಮತ್ತೆ ಬಂದು ಕಾಡಿದರು. ವಿಶ್ವಕರ್ಮ ನಾಟ್ಯಗೃಹ ಕಟ್ಟಿದ. ದೇವತೆಗಳು ಅದರ ಕಾವಲಿಗೆ ನಿಂತರು. ಕೊನೆಗೆ ಬ್ರಹ್ಮ ಸಾಮೋಪಾಯವನ್ನು ಹಿಡಿದ. ಪ್ರಯೋಗವನ್ನೇಕೆ ಕೆಡಿಸುತ್ತೀರೆಂದು ವಿಘ್ನರನ್ನೇ ಕೇಳಿದ. ಅವರ ದೂರನ್ನು ಆಲಿಸಿದ. ನಾಟ್ಯವು ಬರಿಯ ದೇವತೆಗಳ ಕಥೆಯಲ್ಲ, ಮೂರು ಲೋಕಗಳ ಭಾವಗಳ ಅನುಕೀರ್ತನವೆಂದು ತಿಳಿಯಹೇಳಿದ. ದಂಡದಿಂದ ತೀರದೆ ಉಳಿದ ಜಗಳಕ್ಕೆ ಮಾತು ಬೇಕಾಯಿತು.

ಅದೇ ಗ್ರಂಥ ಮುಂದೆ ಪ್ರಯೋಗದ ಸಿದ್ಧಿಯನ್ನು ವಿಚಾರಿಸುವಾಗ ಸದ್ದುಗಳನ್ನು ಬಹಳ ಜಾಣತನದಿಂದ ವಿಂಗಡಿಸುತ್ತದೆ. ಮುಗುಳ್ನಗೆ, ಅಟ್ಟಹಾಸ, ‘ಸಾಧು’ ‘ಅಹೋ’ ‘ಕಷ್ಟಂ’ ಎಂಬ ಉದ್ಗಾರಗಳು, ಎದ್ದು ನಿಲ್ಲುವುದು – ಇವೆಲ್ಲ ಮಾನುಷೀ ಸಿದ್ಧಿಯ ಗುರುತುಗಳು. ರಂಗ ತುಂಬಿದ್ದೂ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ ಇದ್ದರೆ ಅದು ದೈವೀ ಸಿದ್ಧಿ. ಇನ್ನು ಬೊಬ್ಬೆ ಹೊಡೆಯುವುದು, ಸೆಗಣಿ, ಹೆಂಟೆಗಳನ್ನೆಸೆಯುವುದು ಘಾತಗಳ ಪಟ್ಟಿಗೆ ಸೇರುತ್ತವೆ. ಎಂದ ಮೇಲೆ ಸದ್ದೆಲ್ಲವೂ ದೋಷವಲ್ಲ. ಆಟದಿಂದ ಹುಟ್ಟಿದ ಸದ್ದು ಬೇರೆ, ಆಟವನ್ನು ಮರೆತ ಸದ್ದು ಬೇರೆ.

ನಮ್ಮ ಕಂಪನಿ ನಾಟಕಗಳು ಬದುಕಿದ್ದು ಮಾನುಷೀ ಸಿದ್ಧಿಯ ಬಲದಿಂದಲೇ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಪರಂಪರೆಯಲ್ಲಿ ಪ್ರೇಕ್ಷಕರ ‘ಒನ್ಸ್ ಮೋರ್’ ಅಪಚಾರವಾಗಿರಲಿಲ್ಲ, ಬಹುಮಾನವಾಗಿತ್ತು. ಸತ್ತು ಬಿದ್ದ ಪಾತ್ರಧಾರಿ ಎದ್ದು ಇನ್ನೊಮ್ಮೆ ಹಾಡಿ, ಮತ್ತೆ ಸತ್ತ ಕಥೆಗಳು ಕಂಪನಿ ದಿನಗಳ ನೆನಪುಗಳಲ್ಲಿ ಹೇರಳ.

ಈ ವಿಚಾರ ಬಂದಾಗಲೆಲ್ಲ ನನ್ನ ಮನಸ್ಸು ಬೆಂಗಳೂರಿನ ಉತ್ತರದ ಹೆಸರಘಟ್ಟದತ್ತ ಹೋಗುತ್ತದೆ. ನಗರಕ್ಕೆ ನೀರುಣಿಸಲು 1894ರಲ್ಲಿ ಕಟ್ಟಿದ ಕೆರೆಯಿಂದ ಹೆಸರಾದ ಆ ಊರಿನಲ್ಲಿ, 1990ರಲ್ಲಿ ಒಡಿಸ್ಸಿ ಕಲಾವಿದೆ ಪ್ರತಿಮಾ ಬೇಡಿ ನೃತ್ಯಗ್ರಾಮವನ್ನು ಸ್ಥಾಪಿಸಿದರು. ಅಲ್ಲಿನ ಬಯಲು ರಂಗದಲ್ಲಿ ನಡೆಯುತ್ತಿದ್ದ ವಸಂತಹಬ್ಬಕ್ಕೆ ಟಿಕೆಟ್ಟಿರಲಿಲ್ಲ. ಇರುಳಿಡೀ ಸಂಗೀತ, ನೃತ್ಯ. 2004ರಲ್ಲಿ ಸುಮಾರು 40,000 ಮಂದಿ ಸೇರಿದ್ದರೆಂದು ಲೆಕ್ಕ. ಆ ವರ್ಷದ ಕೊನೆಗೆ ಬಂದ ಸುನಾಮಿ, ಜೊತೆಗೆ ಹಣದ ಅಭಾವ ಹಬ್ಬವನ್ನು ನಿಲ್ಲಿಸಿದವು. ಟಿಕೆಟ್ಟಿಲ್ಲದ ಬಾಗಿಲು ತನ್ನ ಪ್ರೇಕ್ಷಕರನ್ನು ಆರಿಸಿಕೊಳ್ಳಲಾರದು. ಶಾಸ್ತ್ರೀಯ ನೃತ್ಯವನ್ನು ಎಂದೂ ಕಾಣದವರೂ ಬರಲಿ ಎಂದು ತೆರೆದಿಟ್ಟ ಬಾಗಿಲು ಅದು. ಅಷ್ಟು ಜನರನ್ನು ಸುಮ್ಮನಿರಿಸುವ ಜರ್ಜರ ಯಾವ ಇಂದ್ರನ ಬಳಿ ಇದ್ದೀತು? ಅಂಥ ಬಯಲಿನಲ್ಲಿ ಮೌನ ದೊರೆತರೆ, ಅದು ಜನ ತಾವಾಗಿ ಕೊಟ್ಟದ್ದೇ ಹೊರತು ಕಸಿದುಕೊಂಡದ್ದಲ್ಲ.

ಸಿನಿಮಾದ ಮಾತು ಸ್ವಲ್ಪ ಬೇರೆ. ಹೆಸರಘಟ್ಟದಲ್ಲಿಯೇ ಇರುವ ಸರ್ಕಾರದ ಚಲನಚಿತ್ರ ಶಿಕ್ಷಣ ಸಂಸ್ಥೆಯಲ್ಲಿ ವಿದ್ಯಾರ್ಥಿಗಳು ಶಬ್ದಗ್ರಹಣವನ್ನೂ ಕಲಿಯುತ್ತಾರೆ. ರಂಗದ ನಟ ನಗೆ ಅಡಗುವವರೆಗೆ ಕಾದಾನು. ತೆರೆಯ ಮೇಲಿನ ನಟ ಕಾಯಲಾರ. ಅಲ್ಲಿ ಕಳೆದುಹೋದ ಮಾತು ಆ ಹೊತ್ತಿಗೆ ಕಳೆದೇ ಹೋಯಿತು. ಆದುದರಿಂದ ಚಿತ್ರಮಂದಿರದಲ್ಲಿ ನೆರೆಯವನ ಹೊಣೆ ಇನ್ನೂ ಹೆಚ್ಚು.

ಹಾಗಾದರೆ ನಿಯಮ ಬೇಡವೆ? ಬೇಕು. ಬೆಂಗಳೂರಿನಲ್ಲಿ 2004ರಲ್ಲಿ ತೆರೆದ ರಂಗಶಂಕರ, ಹೊತ್ತಿಗೆ ಸರಿಯಾಗಿ ಆಟ ಆರಂಭಿಸಿ, ತಡವಾಗಿ ಬಂದವರನ್ನು ಒಳಬಿಡದ ಶಿಸ್ತನ್ನು ರೂಢಿಸಿತು. ಮೊದಲೇ ಸಾರಿದ, ಎಲ್ಲರಿಗೂ ಸಮನಾದ ನಿಯಮವನ್ನು ನಾನು ದಂಡವೆಂದು ಕರೆಯಲಾರೆ, ಅದೂ ಸಾಮವೇ.

ನಮ್ಮ ಹಿರಿಯರು ಉಪಾಯಗಳನ್ನು ಎಣಿಸಿದ ಕ್ರಮ ಸಭಾಂಗಣಕ್ಕೂ ಸಲ್ಲುತ್ತದೆ. ಮೊದಲು ಸಾಮ: ತಗ್ಗಿದ ದನಿಯಲ್ಲಿ ಒಂದು ವಿನಂತಿ. ಆಮೇಲೆ ದಾನ: ಅಳುವ ಕೂಸಿನ ತಾಯಿಗೆ ಬಾಗಿಲ ಬಳಿಯ ನಮ್ಮ ಆಸನ. ಅನಂತರ ಭೇದ: ಹರಟುವ ಗೆಳೆಯರನ್ನು ವಿರಾಮದಲ್ಲಿ ಬೇರೆ ಬೇರೆ ಕೂರಿಸುವುದು. ಇವೆಲ್ಲ ಸೋತ ಮೇಲೆ ದಂಡ: ವ್ಯವಸ್ಥಾಪಕರ ಕೈಯಿಂದ ಹೊರಗಿನ ದಾರಿ. ನಾವಾದರೋ ಕೊನೆಯದರಿಂದಲೇ ತೊಡಗುತ್ತೇವೆ. ‘ಶ್!’ ಎಂದು ಗದರಿ ಹಿಂತಿರುಗಿ ನೋಡುವ ಆ ಒಂದು ನೋಟಕ್ಕೆ, ಮೊದಲ ಸಲ ನಾಟಕಕ್ಕೆ ಬಂದವನು ಸುಮ್ಮನಾಗುತ್ತಾನೆ, ನಿಜ. ಆದರೆ ಮತ್ತೆ ಬರುವುದಿಲ್ಲ. ಭರತ ದೈವೀ ಸಿದ್ಧಿಗೆ ನಿಶ್ಶಬ್ದವೊಂದನ್ನೇ ಸಾಕೆಂದು ಹೇಳಲಿಲ್ಲ. ರಂಗ ತುಂಬಿರಬೇಕು ಎಂದೂ ಹೇಳಿದ. ಖಾಲಿ ಕುರ್ಚಿಗಳು ಎಂದೂ ಗದ್ದಲ ಮಾಡುವುದಿಲ್ಲ.