ಕಾರ್ಖಾನೆಗೆ ದಿಢೀರ್ ತಪಾಸಣೆ ಏಕೆ ಬೇಕು? ದೂರುದಾರರ ಹೆಸರು ಏಕೆ ಗೌಪ್ಯ?

ಪವರ್ ಪ್ರೆಸ್, ಲೇತ್‌ನಂಥ ಯಂತ್ರಗಳ ಅಪಾಯಕಾರಿ ಭಾಗಗಳಿಗೆ ಗಾರ್ಡ್ ಹಾಕಿರಲೇಬೇಕು. ಕೆಲಸ ಬೇಗ ಸಾಗಲೆಂದು ಕಳಚಿಟ್ಟ ಗಾರ್ಡನ್ನು ಮತ್ತೆ ಜೋಡಿಸಲು ಹೆಚ್ಚು ಹೊತ್ತು ಬೇಕಿಲ್ಲ. ತಪಾಸಣೆಯ ಸುದ್ದಿ ಮೊದಲೇ ಸಿಕ್ಕರೆ ಅಧಿಕಾರಿಯ ಕಣ್ಣಿಗೆ ತಪ್ಪು ಬೀಳುವುದೇ ಇಲ್ಲ. ಅಪಾಯ ಮಾತ್ರ ಕಾರ್ಮಿಕರ ಕೈಬೆರಳಿಗೆ ಉಳಿಯುತ್ತದೆ.

ಅದಕ್ಕೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1947ರ 81ನೇ ಒಪ್ಪಂದ, ಮುನ್ಸೂಚನೆ ಇಲ್ಲದೆ ಒಳಹೋಗುವ ಅಧಿಕಾರವನ್ನು ತಪಾಸಣಾಧಿಕಾರಿಗೆ ನೀಡುತ್ತದೆ. ದೂರು ಕೊಟ್ಟವರು ಯಾರೆಂಬುದು ಗೌಪ್ಯ. ದೂರು ಬಂದಿದ್ದರಿಂದಲೇ ತಪಾಸಣೆ ನಡೆದಿದೆ ಎಂಬ ಸುಳಿವನ್ನೂ ಮಾಲೀಕರಿಗೆ ಕೊಡುವಂತಿಲ್ಲ. ಭಾರತ ಇದನ್ನು 1949ರಲ್ಲಿ ಅನುಮೋದಿಸಿದೆ.

ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದ್ದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರಲ್ಲಿ ತಪಾಸಣಾಧಿಕಾರಿಯ ಹೆಸರು ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’: ತಪಾಸಣೆಯ ಜತೆಗೆ ಸಲಹೆ ನೀಡುವುದೂ ಅವರ ಹೊಣೆ.