ಹತ್ತು ಗುಂಟೆ ನೆಲದಲ್ಲಿ ಹಸಿವಿನ ನೆನಪು

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ಭಾಗದಲ್ಲಿ, ಹಡ್ಸನ್ ನದಿಯ ದಂಡೆಯ ಮೇಲೆ ಬ್ಯಾಟರಿ ಪಾರ್ಕ್ ಸಿಟಿ ಎಂಬ ಬಡಾವಣೆಯಿದೆ. ಅಲ್ಲಿನ ಗಗನಚುಂಬಿ ಕಟ್ಟಡಗಳ ನಡುವೆ ಒಂದು ವಿಚಿತ್ರ ಉದ್ಯಾನ. ಓರಣದ ಹೂವಿನ ಪಾತಿಗಳಿಲ್ಲ, ಕಾರಂಜಿಯಿಲ್ಲ. ಇರುವುದು ಇಳಿಜಾರು ನೆಲ, ಕಾಡುಹುಲ್ಲು, ಪಾಳುಬಿದ್ದ ಆಲೂಗಡ್ಡೆ ಹೊಲದ ಏರುಸಾಲುಗಳು ಮತ್ತು ಸೂರಿಲ್ಲದ ಒಂದು ಕಲ್ಲಿನ ಮನೆ. ಇದೇ ಐರಿಷ್ ಹಸಿವಿನ ಸ್ಮಾರಕ.

ಐರ್ಲೆಂಡಿನ ಬಡ ಗೇಣಿದಾರರಿಗೆ ಆಲೂಗಡ್ಡೆಯೇ ಅನ್ನವಾಗಿತ್ತು. 1845ರಲ್ಲಿ ಆ ಬೆಳೆಗೆ ಅಂಗಮಾರಿ ರೋಗ ತಗುಲಿತು. ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಕಾಡುವುದೂ ಇದೇ ರೋಗ. 1852ರ ವೇಳೆಗೆ ಸುಮಾರು ಹತ್ತು ಲಕ್ಷ ಜನ ಹಸಿವು, ಕಾಯಿಲೆಗಳಿಂದ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಅವರಲ್ಲಿ ಬಹಳಷ್ಟು ಮಂದಿ ಬಂದಿಳಿದದ್ದು ನ್ಯೂಯಾರ್ಕಿನಲ್ಲಿ.

ರೋಗ ಬೆಳೆಯನ್ನು ಕೊಂದಿತು. ಜನರನ್ನು ಕೊಂದದ್ದರಲ್ಲಿ ಕಾನೂನಿನ ಪಾಲೂ ಇತ್ತು. ಬರದ ವರ್ಷಗಳಲ್ಲೂ ಐರ್ಲೆಂಡಿನಿಂದ ಧಾನ್ಯ ರಫ್ತಾಗುತ್ತಲೇ ಇತ್ತು. 1847ರಲ್ಲಿ ಬ್ರಿಟಿಷ್ ಸಂಸತ್ತು, ವಿಲಿಯಂ ಗ್ರೆಗರಿ ಎಂಬ ಸದಸ್ಯನ ಸಲಹೆಯಂತೆ, ಕಾಲು ಎಕರೆಗಿಂತ ಹೆಚ್ಚು ಭೂಮಿ ಹಿಡಿದವರಿಗೆ ಸರ್ಕಾರಿ ಪರಿಹಾರವಿಲ್ಲವೆಂದು ವಿಧಿಸಿತು. ಗಂಜಿ ಬೇಕಾದರೆ ನೆಲ ಬಿಡಬೇಕು. ನೆಲ ಬೇಕಾದರೆ ಉಪವಾಸ ಬೀಳಬೇಕು. ಹೀಗೆ ಲಕ್ಷಾಂತರ ಜನ ನೆಲೆ ಕಳೆದುಕೊಂಡರು.

ಶಿಲ್ಪಿ ಬ್ರಯನ್ ಟೋಲ್ ಈ ಕಾನೂನನ್ನೇ ತನ್ನ ವಿನ್ಯಾಸದ ಅಳತೆಯಾಗಿ ತೆಗೆದುಕೊಂಡ. ಅರ್ಧ ಎಕರೆ ಜಾಗದಲ್ಲಿರುವ ಸ್ಮಾರಕದ ಮೇಲಿನ ಹೊಲ ಸರಿಯಾಗಿ ಕಾಲು ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಅಲ್ಲಿರುವ ಮನೆ 19ನೆಯ ಶತಮಾನದ ಆರಂಭದ್ದು. ಬರದಿಂದ ತೀವ್ರವಾಗಿ ನೊಂದ ಮೇಯೊ ಜಿಲ್ಲೆಯಿಂದ ಅದರ ಕಲ್ಲುಗಳನ್ನು ತಂದು ಮತ್ತೆ ಜೋಡಿಸಲಾಗಿದೆ. ಐರ್ಲೆಂಡಿನ 32 ಜಿಲ್ಲೆಗಳಿಂದಲೂ ಒಂದೊಂದು ಕಲ್ಲು ಬಂದಿದೆ. ಭೂದೃಶ್ಯ ವಿನ್ಯಾಸಕಿ ಗೇಲ್ ವಿಟ್ವರ್-ಲೇರ್ಡ್ ಐರ್ಲೆಂಡಿನ ಪಶ್ಚಿಮ ಭಾಗದ ಜೌಗುನೆಲದ ಹುಲ್ಲು, ಮುಳ್ಳುಕಂಟಿ, ಕಾಡುಹೂಗಳನ್ನು ಇಲ್ಲಿ ನೆಡಿಸಿದರು. ಉಳುವವನಿಲ್ಲದ ಹೊಲ ಹೇಗಿರುತ್ತದೆಯೋ ಹಾಗೆಯೇ ಇದು ಕಾಣಬೇಕೆಂಬುದು ಉದ್ದೇಶ.

ಸ್ಮಾರಕದ ನಿರ್ಮಾಣ ಆರಂಭವಾದದ್ದು 2001ರಲ್ಲಿ. ಆ ವರ್ಷದ ಸೆಪ್ಟೆಂಬರ್ 11ರಂದು ಕೂಗಳತೆಯ ದೂರದಲ್ಲಿದ್ದ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳು ಉರುಳಿ, ಕೆಲಸ ನಿಂತಿತು. 2002ರ ಜುಲೈ 16ರಂದು ಐರ್ಲೆಂಡಿನ ಅಂದಿನ ಅಧ್ಯಕ್ಷೆ ಮೇರಿ ಮ್ಯಾಕಲೀಸ್ ಸ್ಮಾರಕವನ್ನು ಉದ್ಘಾಟಿಸಿದರು. ಒಳಗೆ ನೀರು ಒಸರಿ ಹಾಳಾಗಿದ್ದ ಭಾಗಗಳನ್ನು 2016-17ರಲ್ಲಿ ದುರಸ್ತಿ ಮಾಡಲಾಯಿತು.

ಹೊಲವನ್ನು ಹೊತ್ತ ಅಡಿಪಾಯದ ಗೋಡೆಯಲ್ಲಿ ಸುಣ್ಣಕಲ್ಲಿನ ಪದರಗಳ ನಡುವೆ ಗಾಜಿನ ಪಟ್ಟಿಗಳಿವೆ. ಅವುಗಳ ಮೇಲೆ ಐರಿಷ್ ಬರದ ಜೊತೆಗೆ ಇಂದಿನ ಜಗತ್ತಿನ ಹಸಿವಿನ ಕುರಿತ ಮಾತುಗಳೂ ಇವೆ. ಕಾಲಕ್ಕೆ ತಕ್ಕಂತೆ ಅವುಗಳನ್ನು ಬದಲಿಸುವ ಅವಕಾಶವನ್ನು ವಿನ್ಯಾಸದಲ್ಲಿಯೇ ಇಡಲಾಗಿದೆ. ಹಸಿವಿನ ಚರಿತ್ರೆ 1852ಕ್ಕೆ ಮುಗಿಯಲಿಲ್ಲ ಎಂಬುದನ್ನು ಅದನ್ನು ಕಟ್ಟಿದವರು ಬಲ್ಲವರಾಗಿದ್ದರು.