ಸುನಾಮಿ: ಕಡಲತಳದ ಭೂಕಂಪದಿಂದ ಹುಟ್ಟುವ ಬಗೆ

ಭೂಕಂಪದ ನಡುಕವೊಂದರಿಂದಲೇ ಸುನಾಮಿ ಏಳುವುದಿಲ್ಲ. ಕಡಲತಳ ಮೇಲೆದ್ದೋ ಕುಸಿದೋ ತನ್ನ ಮೇಲಿನ ಅಷ್ಟೂ ನೀರನ್ನು ಸರಿಸಿದಾಗ ಏಳುತ್ತದೆ.

2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ ಆದದ್ದು ಇದೇ. ಭಾರತ ಭೂಫಲಕ ಬರ್ಮಾ ಫಲಕದ ಅಡಿಗೆ ನುಸುಳುವ ಅಂಚು ಬಹುಕಾಲ ಬಿಗಿದುಕೊಂಡಿತ್ತು. ಅಂದು ಅದು ಅಂಡಮಾನ್‌ವರೆಗೆ ಸುಮಾರು 1,300 ಕಿ.ಮೀ. ಉದ್ದಕ್ಕೆ ಬಿರಿಯಿತು. ತೀವ್ರತೆ 9.1. ಕಡಲತಳ ಕೆಲವೆಡೆ ಹಲವು ಮೀಟರ್ ಮೇಲೆದ್ದಿತು. ಆಳಸಮುದ್ರದಲ್ಲಿ ಅಲೆಯ ಎತ್ತರ ಒಂದು ಮೀಟರಿಗೂ ಕಡಿಮೆ, ವೇಗ ಮಾತ್ರ ಗಂಟೆಗೆ ಸುಮಾರು 700 ಕಿ.ಮೀ.; ನಡುಗಡಲಿನ ದೋಣಿಯವರಿಗೆ ಅದರ ಸುಳಿವೂ ಸಿಗದು. ದಡ ಹತ್ತಿರವಾದಂತೆ ವೇಗ ಕುಗ್ಗಿ, ಹಿಂದಿನ ನೀರು ಒತ್ತರಿಸಿ ಬಂದು ಅಲೆ ಭಯಾನಕವಾಗಿ ಬೆಳೆಯಿತು. ಥಾಯ್ಲೆಂಡ್‌ನಲ್ಲಿ ಮೊದಲು ಕಡಲು ಹಿಂದೆ ಸರಿಯಿತು. ಆ ಕ್ಷಣವೇ ಎತ್ತರಕ್ಕೆ ಓಡಬೇಕಾದ ಹೊತ್ತು.

2012ರ ಏಪ್ರಿಲ್ 11ರಂದು ಅದೇ ಸುಮಾತ್ರಾದ ಆಚೆ 8.6 ತೀವ್ರತೆಯ ಕಂಪನವಾದಾಗ ಬಂಡೆಗಳು ಬಹುಪಾಲು ಅಡ್ಡಡ್ಡ ಸರಿದವು. ದೊಡ್ಡ ಸುನಾಮಿ ಏಳಲಿಲ್ಲ.